ಕಡಲ ದಂಡೆಯಲ್ಲಿ ಒಂದು ದಿನ

ನಮ್ಮ ಶಾಲೆ ಅಕ್ಕಲಕೋಟ ತಾಲೂಕಿನ ಕುರನೂರಿನ ಹತ್ತಿರ ಇದೆ. ಅಲ್ಲಿ ಬೋರಿ ನದಿಗೆ ಒಂದು ಆಣೆಕಟ್ಟು ಕಟ್ಟಿದ್ದಾರೆ. ಮಳೆಗಾಲದಲ್ಲಿ ಆಣೆಕಟ್ಟು ತುಂಬಿದಾಗ ನೀರು ದೂರದವರೆಗೆ ಹರಡಿಕೊಳ್ಳುತ್ತದೆ. ಗಾಳಿ ಬೀಸಿದರೆ ಸಣ್ಣ ಸಣ್ಣ ತೆರೆಗಳು ಏಳುತ್ತವೆ. ನಮ್ಮ ಶಾಲೆಯ ಮಕ್ಕಳು ಕಂಡ ದೊಡ್ಡ ನೀರೆಂದರೆ ಅದೇ. ನಾನು ಕಂಡ ದೊಡ್ಡ ನೀರೂ ಅದೇ ಆಗಿತ್ತು.

ನಾನು ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಸಮುದ್ರದ ಪಾಠ ಹೇಳಿದ್ದೆ. ಕಪ್ಪು ಹಲಗೆಯ ಮೇಲೆ ತೆರೆಗಳ ಚಿತ್ರ ಬರೆಯುತ್ತಿದ್ದೆ. "ತೆರೆ ದಂಡೆಗೆ ಬರುವುದು ಉಬ್ಬರ, ತೆರೆ ಹಿಂದಕ್ಕೆ ಹೋಗುವುದು ಇಳಿತ" ಎಂದು ಕೈ ಆಡಿಸಿ ತೋರಿಸುತ್ತಿದ್ದೆ. ಮಕ್ಕಳೂ ಕೈ ಆಡಿಸಿ ಹಾಗೆಯೇ ಹೇಳುತ್ತಿದ್ದರು.

2023ರ ಏಪ್ರಿಲ್ ತಿಂಗಳು. ಪಾಠ ಮುಗಿದ ಮೇಲೆ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತಳು.

"ಗುರುಜೀ, ನೀವು ಸಮುದ್ರ ನೋಡೀರೇನ್ರಿ?" ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ಖಡು ಹಾಗೆಯೇ ನಿಂತಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲವ್ವಾ, ನೋಡಿಲ್ಲ" ಎಂದೆ. ಮಕ್ಕಳು ನಗಲಿಲ್ಲ. ಅವರ ಮುಖದಲ್ಲಿ ಆಶ್ಚರ್ಯವಿತ್ತು. ನೋಡದೆ ಇರುವುದನ್ನು ಗುರುಗಳು ಇಷ್ಟು ಚೆನ್ನಾಗಿ ಹೇಗೆ ಹೇಳಿದರು ಎಂಬ ಆಶ್ಚರ್ಯ!

ಮೇ ತಿಂಗಳ ರಜೆಯಲ್ಲಿ ನಾವು ಮೂವರು ಶಿಕ್ಷಕರು ಮನೆಯವರೊಂದಿಗೆ ಕರಾವಳಿಗೆ ಹೋಗಿ ಬರಲು ನಿಶ್ಚಯಿಸಿದೆವು. ಈ ಸುದ್ದಿ ತಿಳಿದ ಕೂಡಲೆ ಮಕ್ಕಳು ಒಂದು ಹಾಳೆಯ ಮೇಲೆ ಐದು ಪ್ರಶ್ನೆಗಳನ್ನು ಬರೆದು ನನ್ನ ಕೈಗೆ ಕೊಟ್ಟರು. ಸಮುದ್ರದ ನೀರು ನಿಜವಾಗಿಯೂ ಉಪ್ಪೇ? ಆಚೆಯ ದಂಡೆ ಕಾಣುತ್ತದೆಯೇ? ತೆರೆಗಳು ರಾತ್ರಿ ಮಲಗುತ್ತವೆಯೇ? ಅಲ್ಲಿಯ ಜನ ಯಾವ ಮಾತು ಆಡುತ್ತಾರೆ? ನಮ್ಮ ಬೋರಿ ಹೊಳೆ ಅಲ್ಲಿಗೆ ಬಂದಿದೆಯೇ?

ಕೊನೆಯ ಪ್ರಶ್ನೆ ಆ ಹುಡುಗಿಯದೇ. ಅವಳ ಮನೆಯವರು ಕುರಿ ಸಾಕುತ್ತಾರೆ. ದಿನಾಲು ಕುರಿಗಳಿಗೆ ನೀರು ಕುಡಿಸಲು ಹೊಳೆಗೆ ಹೋಗುವವಳು ಅವಳು. ಹೊಳೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಆಸೆ ಅವಳಿಗೆ. ನಾನು ಹಾಳೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಬಾಡಿಗೆಯ ಜೀಪಿನಲ್ಲಿ ನಸುಕಿನಲ್ಲಿಯೇ ಹೊರಟೆವು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿದೆವು. ನಮ್ಮ ಕಡೆಯ ಕಪ್ಪು ಹೊಲಗಳು ಹಿಂದೆ ಉಳಿದವು. ದಟ್ಟವಾದ ಕಾಡು ಬಂತು. ಅರಬೈಲು ಘಟ್ಟವನ್ನು ಇಳಿಯುವಾಗ ಕತ್ತಲೆಯಾಯಿತು. ಕಾರವಾರ ಸೇರಿದಾಗ ರಾತ್ರಿ ಬಹಳವಾಗಿತ್ತು. ಏನೂ ಕಾಣಿಸಲಿಲ್ಲ. ಆದರೆ ಕೋಣೆಯ ಕಿಟಕಿ ತೆರೆದಾಗ ಒಂದು ಸಪ್ಪಳ ಕೇಳಿಸಿತು. ದೂರದಲ್ಲಿ ಯಾರೋ ದೊಡ್ಡ ಮೊರದಲ್ಲಿ ಜೋಳ ಹಸನು ಮಾಡುತ್ತಿರುವಂತೆ ಅದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಡುರಾತ್ರಿಯಲ್ಲಿ ಎಚ್ಚರವಾದಾಗಲೂ ಅದೇ ಸಪ್ಪಳ. ತೆರೆಗಳು ಮಲಗುವುದಿಲ್ಲ! ಸಮುದ್ರವನ್ನು ನೋಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಬೆಳಗಾಗುತ್ತಲೇ ದಂಡೆಗೆ ಓಡಿದೆವು. ಐವತ್ತು ದಾಟಿದ ನಾನು ನಿಜವಾಗಿಯೂ ಓಡಿದೆ. ನೀರು, ಎಲ್ಲಿ ನೋಡಿದರೂ ನೀರು. ಮೊದಲು ಬೊಗಸೆಯಲ್ಲಿ ನೀರು ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದೆ. ಥೂ! ಉಪ್ಪಿನ ಜೊತೆ ಕಹಿಯೂ ಇತ್ತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ ಎಂದು ಓದಿದ್ದೆ. ಆ ಮಾತಿನ ಅರ್ಥ ಈಗ ನಾಲಗೆಗೆ ತಿಳಿಯಿತು.

"ಆಚಿ ದಂಡಿ ಕಾಣ್ತದಲ್ಲ!" ಎಂದು ನನ್ನ ಹೆಂಡತಿ ಕೈ ಮಾಡಿ ತೋರಿಸಿದಳು. ದೂರದಲ್ಲಿ ಗುಡ್ಡದಂತಹ ನೆಲ ಕಾಣುತ್ತಿತ್ತು. ಆದರೆ ಅದು ದಂಡೆಯಲ್ಲ, ದ್ವೀಪ. ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ ಮುಂತಾದ ದ್ವೀಪಗಳಿವೆ. ದೇವಗಡದಲ್ಲಿ ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭವಿದೆ. ನಿಜವಾದ ಆಚೆಯ ದಂಡೆ ಇರುವುದು ಎರಡು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿ, ಯೆಮೆನ್ ದೇಶದಲ್ಲಿ. ಅದು ಯಾರ ಕಣ್ಣಿಗೂ ಕಾಣದು. ನೀರು ಮತ್ತು ಆಕಾಶ ಕೂಡುವ ಒಂದು ಗೆರೆ ಮಾತ್ರ ಕಾಣುತ್ತದೆ.

ಅಷ್ಟರಲ್ಲಿ ಒಂದು ತೆರೆ ಬಂದು ನಮ್ಮ ಕಾಲು ತೊಳೆಯಿತು. ನಾನು ಗುರುಜಿಯ ಠೀವಿಯಿಂದ, "ನೋಡು, ಇದು ಉಬ್ಬರ" ಎಂದೆ. ತೆರೆ ಹಿಂದಕ್ಕೆ ಸರಿಯಿತು. "ನೋಡು, ಇದು ಇಳಿತ" ಎಂದೆ.

ಹತ್ತಿರದಲ್ಲಿ ಒಬ್ಬ ಮುದುಕರು ಕುಳಿತು ಬಲೆ ಸರಿಮಾಡುತ್ತಿದ್ದರು. ಅವರು ನಕ್ಕರು.

"ನೀವು ಮಾಸ್ತರ್ರಾ?" ಎಂದು ಕೇಳಿದರು.

"ಹೌದು ಅಜ್ಜಾ. ನಿಮಗೆ ಹೇಗೆ ತಿಳಿಯಿತು?"

"ಮಾತಿನಲ್ಲೇ ಗೊತ್ತಾಯ್ತು. ಆದ್ರೆ ಮಾಸ್ತರ್ರೇ, ಅದು ಉಬ್ಬರ ಅಲ್ಲ. ಅದು ಬರೀ ತೆರೆ."

ನನಗೆ ಏನೂ ತಿಳಿಯಲಿಲ್ಲ. ಮುದುಕರು ಎದ್ದು ಒಂದು ಕೋಲನ್ನು ತಂದರು. ತೆರೆಗಳು ಬಂದು ಮುಟ್ಟಿ ಹೋಗುತ್ತಿದ್ದ ಕೊನೆಯ ಗೆರೆಯ ಮೇಲೆ ಅದನ್ನು ಊರಿದರು. "ಒಂದು ತಾಸು ತಿರುಗಾಡಿ ಬನ್ನಿ. ಆಮೇಲೆ ಈ ಕೋಲನ್ನೇ ಕೇಳಿ" ಎಂದರು.

ನಾವು ದಂಡೆಯಗುಂಟ ನಡೆದೆವು. ಈ ದಂಡೆಗೆ ಕವಿ ರವೀಂದ್ರನಾಥ ಟಾಗೋರರ ಹೆಸರನ್ನು ಇಟ್ಟಿದ್ದಾರೆ. 1880ರ ದಶಕದಲ್ಲಿ ಅವರು ಇಲ್ಲಿಗೆ ಬಂದಿದ್ದರು. ಆಗ ಅವರಿನ್ನೂ ತರುಣರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಮುಂದೆ ಇದೇ ಸತ್ಯೇಂದ್ರನಾಥರು ನಮ್ಮ ಸೋಲಾಪುರದಲ್ಲಿಯೂ ನ್ಯಾಯಾಧೀಶರಾಗಿದ್ದರು. ಇದು ನೆನಪಾದಾಗ ಆ ದಂಡೆ ನನಗೆ ಅಷ್ಟೊಂದು ಪರಸ್ಥಳ ಎನಿಸಲಿಲ್ಲ. ಸ್ವಲ್ಪ ದೂರದಲ್ಲಿ 'ಚಪಲ್' ಎಂಬ ಯುದ್ಧನೌಕೆ ನೆಲದ ಮೇಲೆ ನಿಂತಿತ್ತು. ನೌಕಾಪಡೆಯ ಸೇವೆಯಿಂದ 2005ರಲ್ಲಿ ನಿವೃತ್ತವಾದ ಈ ಹಡಗನ್ನು ಮರುವರ್ಷ ವಸ್ತುಸಂಗ್ರಹಾಲಯ ಮಾಡಿದರು. ಊರಿನ ಉತ್ತರಕ್ಕೆ ಕಾಳಿ ನದಿ ಸಮುದ್ರವನ್ನು ಸೇರುತ್ತದೆ. ಅದಕ್ಕೆ ಆಗ ಎರಡು ಸೇತುವೆಗಳಿದ್ದವು. ಅವುಗಳಲ್ಲಿ ಹಳೆಯದು 2024ರ ಆಗಸ್ಟ್ 7ರಂದು ಕುಸಿದುಬಿತ್ತು. ಆ ಸುದ್ದಿ ಕೇಳಿದಾಗ ನಮ್ಮ ಊರಿನ ಸೇತುವೆಯೇ ಬಿದ್ದಷ್ಟು ಕಳವಳವಾಯಿತು.

ಮೀನು ಮಾರುವ ಹೆಂಗಸರು ಬುಟ್ಟಿಗಳಲ್ಲಿ ಬಂಗಡೆ, ತಾರ್ಲೆ ಮೀನುಗಳನ್ನು ತುಂಬಿಕೊಂಡು ಹೊರಟಿದ್ದರು. ತಮ್ಮತಮ್ಮೊಳಗೆ ಕೊಂಕಣಿ ಮಾತನಾಡುತ್ತಿದ್ದರು. ನಮ್ಮೊಂದಿಗೆ ಕನ್ನಡ ಮಾತನಾಡಿದರು. ನಾವು ಸೋಲಾಪುರದ ಕಡೆಯವರು ಎಂದು ತಿಳಿದಾಗ ಒಬ್ಬಾಕೆ ಮರಾಠಿಯಲ್ಲಿಯೂ ಎರಡು ಮಾತು ಆಡಿದಳು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾರೆ. ಒಂದು ಮಾತು ಆಡುವಾಗ ಇನ್ನೊಂದು ನಡುವೆ ಬಂದರೆ ನಾಚುತ್ತಾರೆ. ಇಲ್ಲಿ ಈಕೆ ಮೂರು ಭಾಷೆಗಳನ್ನು ಮೂರು ನಾಣ್ಯಗಳಂತೆ ಬೇಕಾದಾಗ ತೆಗೆದು ಬಳಸುತ್ತಿದ್ದಳು. ನಾಚಿಕೆ ಇರಲಿಲ್ಲ. ಇದನ್ನು ಮಕ್ಕಳಿಗೆ ಹೇಳಬೇಕೆಂದು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ.

ತಾಸಿನ ಮೇಲೆ ತಿರುಗಿ ಬಂದೆವು. ಕೋಲು ನೀರಿನಲ್ಲಿತ್ತು! ತೆರೆಗಳು ಮೊದಲಿನಂತೆಯೇ ಬರುತ್ತಿದ್ದವು, ಹೋಗುತ್ತಿದ್ದವು. ಆದರೆ ಹಿಂದಕ್ಕೆ ಹೋದಾಗಲೂ ಕೋಲಿನ ಬುಡ ಒಣಗುತ್ತಿರಲಿಲ್ಲ. ಇಡೀ ಸಮುದ್ರವೇ ಮೇಲೆ ಏರಿತ್ತು.

"ಇದು ಉಬ್ಬರ" ಎಂದರು ಮುದುಕರು. "ಸುಮಾರು ಆರು ತಾಸು ನೀರು ಏರ್ತದೆ. ಆಮೇಲೆ ಆರು ತಾಸು ಇಳೀತದೆ. ತೆರೆ ಮಾಡೋದು ಗಾಳಿ. ಉಬ್ಬರ ಮಾಡೋದು ಚಂದ್ರ."

ಮುದುಕರು ಹೇಳಿದ್ದು ವಿಜ್ಞಾನದ ಮಾತೇ ಆಗಿತ್ತು. ಗಾಳಿ ನೀರಿನ ಮೇಲೆ ಬೀಸಿದಾಗ ತೆರೆಗಳು ಏಳುತ್ತವೆ. ಚಂದ್ರನ ಸೆಳೆತದಿಂದ, ಸ್ವಲ್ಪಮಟ್ಟಿಗೆ ಸೂರ್ಯನ ಸೆಳೆತದಿಂದ, ಸಮುದ್ರದ ಮಟ್ಟವೇ ಏರಿಳಿಯುತ್ತದೆ. ನಾನು ಎರಡನ್ನೂ ಒಂದೇ ಎಂದು ತಿಳಿದಿದ್ದೆ. ನಾನು ತಪ್ಪು ತಿಳಿದದ್ದು ಒಂದು ಮಾತು. ಆದರೆ ಎಷ್ಟು ಮಕ್ಕಳು ನನ್ನಂತೆ ಕೈ ಆಡಿಸಿ ಅದನ್ನೇ ಕಲಿತು ಹೋಗಿದ್ದರು! ನಾನು ಸುಮ್ಮನೆ ನಿಂತೆ. ಮುದುಕರಿಗೆ ನನ್ನ ಮುಖ ಅರ್ಥವಾಗಿರಬೇಕು. "ಬೇಜಾರು ಬೇಡ ಮಾಸ್ತರ್ರೇ. ನಿಮ್ಮೂರಿಗೆ ಬಂದ್ರೆ ನನಗೆ ಜೋಳದ ಹೊಲ ಯಾವುದು, ಕುಸುಬಿ ಹೊಲ ಯಾವುದು ತಿಳೀಲಿಕ್ಕಿಲ್ಲ" ಎಂದರು. ನಾನು ಅವರಿಗೆ ಕೈ ಮುಗಿದೆ.

ಅಲ್ಲಿಂದ ಅಂಕೋಲೆಗೆ ಬಂದೆವು. 1930ರ ಏಪ್ರಿಲ್‌ನಲ್ಲಿ ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಅದೇ ತಿಂಗಳಿನಲ್ಲಿ ಅಂಕೋಲೆಯ ಜನರೂ ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದರು. ಮುಂದಿನ ತಿಂಗಳು ನಮ್ಮ ಸೋಲಾಪುರದಲ್ಲಿ ಬ್ರಿಟಿಷರ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಸರ್ಕಾರ ಅಲ್ಲಿ ಲಷ್ಕರಿ ಕಾಯ್ದೆ ಹೇರಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿತು. ಸೋಲಾಪುರದ ನಾಲ್ಕು ಹುತಾತ್ಮರ ಚೌಕವನ್ನು ನಮ್ಮ ಮಕ್ಕಳು ನೋಡಿದ್ದಾರೆ. ಕಡಲಿನ ಊರು, ಬಯಲಿನ ಊರು ಒಂದೇ ವರ್ಷ ಒಂದೇ ಹೋರಾಟದಲ್ಲಿ ಕೂಡಿದ್ದವು.

ಮುಂದೆ ಗಂಗಾವಳಿ ನದಿಯನ್ನು ದಾಟಿ ಗೋಕರ್ಣದ ಸಮೀಪದ ಸಾಣಿಕಟ್ಟೆಗೆ ಹೋದೆವು. ಅಲ್ಲಿ ಉಪ್ಪಿನ ಆಗರಗಳಿವೆ. ನಮ್ಮ ಕಡೆ ಹೊಲದಲ್ಲಿ ಮಡಿ ಮಾಡುವಂತೆ ಅಲ್ಲಿ ಚೌಕಾಕಾರದ ಮಡಿಗಳನ್ನು ಮಾಡಿದ್ದರು. ಆದರೆ ಆ ಮಡಿಗಳಲ್ಲಿ ಬೆಳೆ ಇರಲಿಲ್ಲ, ನೀರಿತ್ತು. ಉಬ್ಬರದ ಹೊತ್ತಿಗೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಆಮೇಲೆ ಅದನ್ನು ಮಡಿಯಿಂದ ಮಡಿಗೆ ಹಾಯಿಸುತ್ತಾರೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಉಪ್ಪು ತಳದಲ್ಲಿ ಹರಳುಗಟ್ಟುತ್ತದೆ. ಕೆಲಸಗಾರರು ಉದ್ದನೆಯ ಕೋಲಿಗೆ ಹಲಗೆ ಕಟ್ಟಿ ಉಪ್ಪನ್ನು ದಂಡೆಗೆ ಎಳೆದು ರಾಶಿ ಮಾಡುತ್ತಿದ್ದರು. ನಡುಹಗಲಿನ ಬಿಸಿಲಿನಲ್ಲಿ ಆ ರಾಶಿಗಳನ್ನು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಬಿಸಿಲಿಗೆ ನಾವು ಸೆರಗು, ಟವೆಲು ಹುಡುಕುತ್ತಿದ್ದೆವು. ಅವರು ಆ ಬಿಸಿಲನ್ನೇ ನಂಬಿ ದುಡಿಯುತ್ತಿದ್ದರು.

"ಮಳೆ ಬಿದ್ದರೆ?" ಎಂದು ಒಬ್ಬ ಹೆಣ್ಣುಮಗಳನ್ನು ಕೇಳಿದೆ.

"ಮಳೆ ಬಿದ್ರೆ ಉಪ್ಪು ಇಲ್ಲ. ಎಲ್ಲಾ ಕರಗಿ ಹೋಗ್ತದೆ" ಎಂದಳು.

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ನಮ್ಮ ಊರಿನಲ್ಲಿ ಮೇ ತಿಂಗಳಲ್ಲಿ ಎಲ್ಲರೂ ಆಕಾಶ ನೋಡಿ ಮಳೆ ಬರಲಿ ಎನ್ನುತ್ತಾರೆ. ಇಲ್ಲಿ ಇನ್ನೂ ನಾಲ್ಕು ದಿನ ಬರದಿರಲಿ ಎನ್ನುತ್ತಾರೆ. ಎರಡೂ ಹೊಟ್ಟೆಯ ಮಾತೇ. ನಾನು ಒಂದು ಕಿಲೋ ಹರಳುಪ್ಪು ಕೊಂಡೆ.

ಗೋಕರ್ಣದಲ್ಲಿ ಮಹಾಬಲೇಶ್ವರನ ಗುಡಿಯನ್ನು ನೋಡಿ ಊಟ ಮಾಡಿದೆವು. ಆ ಮೇಲೆ ಅಘನಾಶಿನಿ ನದಿಯ ಹತ್ತಿರದ ಮಿರ್ಜಾನ ಕೋಟೆಗೆ ಹೋದೆವು. ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆ ಅದು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಈ ಸೀಮೆಯನ್ನು ಆಳಿದಳು. ಇಲ್ಲಿಯ ಮೆಣಸು ಹಡಗುಗಳಲ್ಲಿ ದೂರದ ದೇಶಗಳಿಗೆ ಹೋಗುತ್ತಿತ್ತು. ಪೋರ್ಚುಗೀಜರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು.

ಹೊನ್ನಾವರದಲ್ಲಿ ಶರಾವತಿಯ ದೊಡ್ಡ ಸೇತುವೆ ಬಂತು. ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕಿದ ನದಿ ಇದೇ. ಇಲ್ಲಿ ಅದು ಅಗಲವಾಗಿ, ಶಾಂತವಾಗಿ ಕಡಲಿಗೆ ಸೇರುತ್ತದೆ. ಮೀನಿನ ದೋಣಿಗಳು ಸಾಲಾಗಿ ನಿಂತಿದ್ದವು. ಜೂನ್ 1ರಿಂದ ಎರಡು ತಿಂಗಳು ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಮೀನುಗಳು ಮರಿ ಮಾಡುವ ಕಾಲ. ಮರಿಗಳು ಬೆಳೆದರೆ ಮಾತ್ರ ಮುಂದಿನ ವರ್ಷ ಬಲೆಗೆ ಮೀನು ಸಿಗುತ್ತದೆ.

ಸೇತುವೆಯ ಆಚೆ ಜೀಪು ನಿಲ್ಲಿಸಿ ನಾನು ನದಿಯನ್ನು ನೋಡುತ್ತ ನಿಂತೆ. ಹುಡುಗಿಯ ಪ್ರಶ್ನೆ ಜೇಬಿನಲ್ಲಿಯೇ ಇತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ನದಿಗಳು ಪಶ್ಚಿಮಕ್ಕೆ ಹರಿದು ಈ ಸಮುದ್ರವನ್ನು ಸೇರುತ್ತವೆ. ಆದರೆ ನಮ್ಮ ಬೋರಿ? ಅದು ಭೀಮೆಯನ್ನು ಸೇರುತ್ತದೆ. ಭೀಮೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಈ ಅರಬ್ಬಿ ಸಮುದ್ರದಿಂದ ಸುಮಾರು 64 ಕಿಲೋಮೀಟರ್ ದೂರದಲ್ಲಿ. ಆದರೂ ಅದು ಈ ಕಡೆಗೆ ತಿರುಗುವುದಿಲ್ಲ. ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ಹರಿದು ಆಂಧ್ರಪ್ರದೇಶದಲ್ಲಿ ಬಂಗಾಲ ಉಪಸಾಗರವನ್ನು ಸೇರುತ್ತದೆ. ನಮ್ಮ ಹೊಳೆ ಇಲ್ಲಿಗೆ ಬಂದಿಲ್ಲ. ಆ ಹುಡುಗಿಗೆ ಇದನ್ನು ಹೇಗೆ ಹೇಳಲಿ ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ಸಂಜೆ ಮುರ್ಡೇಶ್ವರ ಸೇರಿದೆವು. ಮೂರು ಕಡೆ ಸಮುದ್ರವಿರುವ ಗುಡ್ಡದ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿ ಇದೆ. ಇಪ್ಪತ್ತು ಅಂತಸ್ತಿನ ಗೋಪುರವಿದೆ. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಮಾತ್ರ ಕೆಳಗೆ ದಂಡೆಗೆ ಹೋಗಿ ಒಂದು ಕೋಲು ಊರಿದೆ. ಸೂರ್ಯ ಕೆಂಪಾಗಿ ನೀರಿನಲ್ಲಿ ಮುಳುಗಿದ. ಸ್ವಲ್ಪ ಹೊತ್ತಿನಲ್ಲಿ ಕೋಲಿನ ಬುಡಕ್ಕೆ ನೀರು ಬಂತು, ನಿಂತಿತು, ಏರಿತು. ಬೆಳಿಗ್ಗೆಯೂ ಇದೇ ಹೊತ್ತಿಗೆ ನೀರು ಏರುತ್ತಿತ್ತು. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ತಾಸು. ಲೆಕ್ಕ ಸರಿಯಾಗಿತ್ತು. ನಾನು ಆ ದಿನ ಒಂದು ಪಾಠವನ್ನು ಪೂರ್ತಿ ಕಲಿತಿದ್ದೆ. ಒಂದು ಬಾಟಲಿಯಲ್ಲಿ ಸಮುದ್ರದ ನೀರನ್ನು ತುಂಬಿಕೊಂಡೆ.

ಜೂನ್ ತಿಂಗಳಲ್ಲಿ ಶಾಲೆ ಪ್ರಾರಂಭವಾಯಿತು. ಮಕ್ಕಳು ನನ್ನನ್ನು ಸುತ್ತುವರಿದರು. ನಾನು ಮೊದಲು ಹೇಳಿದ ಮಾತು ಇದು: "ಮಕ್ಕಳೇ, ಉಬ್ಬರ ಇಳಿತದ ಪಾಠವನ್ನು ನಾನು ನಿಮಗೆ ತಪ್ಪು ಹೇಳಿದ್ದೆ. ಇವತ್ತು ಸರಿಯಾಗಿ ಕಲಿಯೋಣ."

ಹೇಳುವವರೆಗೆ ಎದೆ ಬಡಿದುಕೊಳ್ಳುತ್ತಿತ್ತು. ಹೇಳಿದ ಮೇಲೆ ಹಗುರವಾಯಿತು. ಮಕ್ಕಳು ಕೋಲಿನ ಕಥೆಯನ್ನು ಮೂರು ಸಲ ಹೇಳಿಸಿದರು. ಈಗ ಪಾಠಗಳನ್ನು ಆರಿಸುವ ಸಮಿತಿಯಲ್ಲಿ ಕುಳಿತಾಗಲೂ ನನಗೆ ಆ ಮುದುಕರ ಕೋಲು ನೆನಪಾಗುತ್ತದೆ.

ಬಾಟಲಿಯ ನೀರನ್ನು ಒಂದು ತಾಟಿನಲ್ಲಿ ಸುರಿದು ಬಿಸಿಲಿಗೆ ಇಟ್ಟೆವು. ಕೆಲವು ದಿನಗಳಲ್ಲಿ ನೀರು ಹೋಗಿ ತಾಟಿನಲ್ಲಿ ಬಿಳಿಯ ಉಪ್ಪು ಉಳಿಯಿತು. ಆ ಮೇಲೆ ಹುಡುಗಿಗೆ ನಕಾಶೆಯನ್ನು ತೋರಿಸಿದೆ. ಬೋರಿ, ಭೀಮೆ, ಕೃಷ್ಣೆ ಎಂದು ಬೆರಳು ಆಡಿಸಿದೆ. ಅವಳ ಬೆರಳು ಪೂರ್ವದ ಕಡಲಿಗೆ ಹೋಗಿ ನಿಂತಿತು. "ಹಂಗಾದ್ರ ನೀವು ನೋಡಿದ ಸಮುದ್ರಕ್ಕ ನಮ್ಮ ಹೊಳಿ ಗೊತ್ತೇ ಇಲ್ಲೇನ್ರಿ?" ಎಂದಳು.

"ಗೊತ್ತಿದೆ" ಎಂದೆ. "ನಮಗೆ ಮುಂಗಾರಿನ ಮಳೆ ತರುವ ಗಾಳಿ ಬೀಸುವುದು ಆ ಅರಬ್ಬಿ ಸಮುದ್ರದ ಮೇಲಿಂದಲೇ. ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಸಹ್ಯಾದ್ರಿಯನ್ನು ಏರುವಾಗ ಮೋಡಗಳು ಅಲ್ಲಿಯೇ ಬಹಳಷ್ಟು ಸುರಿದುಬಿಡುತ್ತವೆ. ಉಳಿದದ್ದು ಈ ಕಡೆಗೆ ಬರುತ್ತದೆ. ಅದಕ್ಕೇ ನಮಗೆ ಆರುನೂರು ಮಿಲಿಮೀಟರಿನ ಆಸುಪಾಸು ಸಿಕ್ಕರೆ ದೊಡ್ಡದು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಒಂದು ಸಮುದ್ರದಿಂದ ಬರ್ತದ, ಇನ್ನೊಂದು ಸಮುದ್ರಕ್ಕ ಹೋಗ್ತದ. ನಮ್ಮ ಹೊಳಿ ಎರಡಕ್ಕೂ ಬೇಕಾದದ್ದು" ಎಂದಳು.

ಆ ವರ್ಷದ ದೊಡ್ಡ ಮಳೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಬಂತು. ತಗಡಿನ ಮೇಲೆ ಹನಿಗಳು ಬಡಿದವು. ಮಕ್ಕಳು ಅಂಗಳಕ್ಕೆ ಓಡಿದರು. ಒಬ್ಬ ಹುಡುಗ ನಾಲಗೆ ಚಾಚಿ ಮಳೆಯ ಹನಿಯನ್ನು ಹಿಡಿದ.

"ಗುರುಜೀ, ಸಮುದ್ರದ ನೀರು ಅಂದ್ರಿ. ಇದು ಉಪ್ಪಿಲ್ಲಲ್ರಿ!" ಎಂದು ಕೂಗಿದ.

ನಾನು ಉತ್ತರ ಹೇಳಲು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಮಳೆಯಲ್ಲಿ ನಿಂತುಕೊಂಡೇ ಹೇಳಿದಳು:

"ಉಪ್ಪು ತಾಟಿನ್ಯಾಗ ಉಳಿದಿತ್ತಲ್ಲೋ!"